ತೊಟ್ಟಿಯ ನೀರೂ ಬೇವಿನ ಬೀಜವೂ

ಹೋದ ವರ್ಷದ ಮಳೆಗಾಲದಲ್ಲಿ ಇದೇ ಪುಟದಲ್ಲಿ ಸೊಳ್ಳೆಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುತ್ತ, ನೀರಿನ ತೊಟ್ಟಿಯಲ್ಲಿ ಒಂದು ಹಿಡಿ ಬೇವಿನ ಸೊಪ್ಪನ್ನು ಹಾಕಿಟ್ಟರೆ ಹುಳುಗಳಾಗುವುದಿಲ್ಲವೆಂದು ಹಿರಿಯರು ಹೇಳುವುದುಂಟು, ಹಾಗೆ ಮಾಡುವುದರಿಂದ ಹಾನಿಯೇನೂ ಇಲ್ಲ ಎಂದು ತಿಳಿಸಿದ್ದೆನು. ಬರೆಯುವಾಗ ಅದನ್ನು ಪರೀಕ್ಷಿಸಿ ನೋಡಬೇಕೆಂಬ ಯೋಚನೆಯೇ ನನಗೆ ಹುಟ್ಟಲಿಲ್ಲ. ಬೇವು ನಮಗೆ ಅಷ್ಟು ಹಳೆಯ ನಂಟು. ಯುಗಾದಿಯ ದಿನ ಬೆಲ್ಲದೊಡನೆ ಅದನ್ನು ತಿಂದು ವರ್ಷವನ್ನು ಆರಂಭಿಸುವವರು ಅದರ ಗುಣವನ್ನು ಸಂಶಯಿಸುವುದಾದರೂ ಹೇಗೆ?

ಕಳೆದ ತಿಂಗಳು ಸೋದರಿಯೊಬ್ಬರಿಂದ ಒಂದು ಕಾಗದ ಬಂದಿತು. ಅವರ ಊರಿನಲ್ಲಿ ನಲ್ಲಿಯ ನೀರು ನಾಲ್ಕು ದಿನಗಳಿಗೊಮ್ಮೆ ಬರುವುದಂತೆ. ಆದಕಾರಣ ಬಚ್ಚಲಿನ ಹಿಂದೆ ಅತ್ತೆಯವರ ಕಾಲದ ದೊಡ್ಡ ಕಲ್ಲಿನ ಬಾನಿಯೊಂದರಲ್ಲಿ ನೀರನ್ನು ತುಂಬಿಡುವರು. ನನ್ನ ಮಾತನ್ನು ಓದಿದಂದಿನಿಂದ ಅವರು ಪ್ರತಿ ಶುಕ್ರವಾರ ಆ ಬಾನಿಗೆ ಎರಡು ಹಿಡಿ ಬೇವಿನ ಸೊಪ್ಪನ್ನು ತಪ್ಪದೆ ಹಾಕುತ್ತ ಬಂದರು. ಮಳೆ ಹಿಡಿದ ಮೇಲೆ ನೋಡಿದರೆ ಬಳುಕುವ ಹುಳುಗಳು ಹಿಂದಿಗಿಂತಲೂ ಹೆಚ್ಚಾಗಿದ್ದುವು. ಅವರ ಆರು ವರ್ಷದ ಹುಡುಗನು ಡೆಂಗೀ ಜ್ವರದಿಂದ ಐದು ದಿವಸ ಆಸ್ಪತ್ರೆಯಲ್ಲಿ ಮಲಗಿದ್ದು ಈಗ ದೇವರ ದಯದಿಂದ ಗುಣಹೊಂದಿದ್ದಾನೆ. ಆ ತಾಯಿ ನನ್ನ ಮೇಲೆ ದೂರನ್ನು ಹೊರಿಸಿಲ್ಲ. ನಾನು ಹಾಕಿದ ಸೊಪ್ಪು ಸಾಲದೆ ಹೋಯಿತೇ, ಇನ್ನೂ ಹೆಚ್ಚಾಗಿ ಹಾಕಬೇಕಾಗಿತ್ತೇ ಎಂದಷ್ಟೇ ಕೇಳಿದ್ದಾರೆ. ದೂರಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹುಡುಗನನ್ನು ಕಚ್ಚಿದ ಸೊಳ್ಳೆಯು ಆ ಬಾನಿಯಲ್ಲಿಯೇ ಹುಟ್ಟಿತೆಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಶಾಲೆಯ ಹೂಕುಂಡದಲ್ಲಿ ಹುಟ್ಟಿರಬಹುದು, ನೆರೆಮನೆಯ ಹಳೆಯ ಟೈರಿನಲ್ಲಿ ಹುಟ್ಟಿರಬಹುದು. ಆದರೆ ಡೆಂಗೀ ಜ್ವರವನ್ನೂ ಚಿಕೂನ್‌ಗುನ್ಯವನ್ನೂ ಹರಡುವ ಈಡಿಸ್ ಸೊಳ್ಳೆಯು ದೂರಪ್ರಯಾಣದ ಪ್ರಾಣಿಯಲ್ಲ. ಹುಟ್ಟಿದೆಡೆಯ ಸುತ್ತಮುತ್ತ ಕೆಲವು ನೂರು ಗಜಗಳೊಳಗೇ ಅದು ಸಾಮಾನ್ಯವಾಗಿ ತನ್ನ ಆಯುಷ್ಯವನ್ನು ಕಳೆಯುವುದು. ಅದು ಕೊಳಚೆಯನ್ನು ಬಯಸದು, ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರನ್ನೇ ಬಯಸುವುದು. ಹೀಗಿರಲು, ಮನೆಯ ಬಾನಿಯ ಮೇಲೆ ಸಂಶಯಪಡುವುದು ನ್ಯಾಯವೇ ಸರಿ. ಆದುದರಿಂದ ಉತ್ತರ ಬರೆಯುವುದಕ್ಕೆ ಮೊದಲು, ಹೋದ ವರ್ಷ ಮಾಡಬೇಕಾಗಿದ್ದ ಕೆಲಸವನ್ನು ಈಗಲಾದರೂ ಮಾಡೋಣವೆಂದು ನಿಶ್ಚಯಿಸಿದೆನು.

ನಮ್ಮ ಹಿತ್ತಲಿನಲ್ಲಿ ಬಳಕೆ ತಪ್ಪಿದ ಒರಳುಕಲ್ಲೊಂದು ಬಿದ್ದಿದೆ. ಅದರ ಗುಳಿಯಲ್ಲಿ ಮಳೆಯ ನೀರು ನಿಂತಿತ್ತು. ಬಗ್ಗಿ ನೋಡಿದರೆ, ಪರರಿಗೆ ಉಪದೇಶ ಹೇಳುವವನ ಮನೆಯಲ್ಲಿಯೇ ಹುಳುಗಳು ನೂರಾರು! ಅವುಗಳನ್ನು ಚಹಾದ ಜರಡಿಯಿಂದ ಸೋಸಿ ತೆಗೆದು, ನಾಲ್ಕು ಗಾಜಿನ ಭರಣಿಗಳಲ್ಲಿ ಅದೇ ನೀರನ್ನು ತುಂಬಿ, ಒಂದೊಂದರಲ್ಲಿ ಇಪ್ಪತ್ತು ಹುಳುಗಳಂತೆ ಎಣಿಸಿ ಬಿಟ್ಟು, ಬಾಯಿಗೆ ತೆಳುವಾದ ಬಟ್ಟೆಯನ್ನು ಬಿಗಿದೆನು. ಮೊದಲನೆಯದಕ್ಕೆ ಏನನ್ನೂ ಬೆರಸಲಿಲ್ಲ. ಎರಡನೆಯದಕ್ಕೆ ಆ ಸೋದರಿಯು ಮಾಡಿದಂತೆ ಹಸಿಯ ಬೇವಿನ ಸೊಪ್ಪನ್ನು ಹಾಕಿದೆನು. ಮೂರನೆಯದಕ್ಕೆ ಬೇವಿನ ಸೊಪ್ಪನ್ನು ಕುದಿಸಿ ಇಳಿಸಿದ ಕಷಾಯವನ್ನು ಒಂದು ಚಮಚದಷ್ಟು ಹೊಯ್ದೆನು. ನಾಲ್ಕನೆಯದಕ್ಕೆ, ಬೇವಿನ ಬೀಜದ ಒಳತಿರುಳನ್ನು ಕುಟ್ಟಿ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಯಿಟ್ಟು ಬಟ್ಟೆಯಲ್ಲಿ ಶೋಧಿಸಿದ ಹಾಲಿನಂತಹ ನೀರನ್ನು ಅಷ್ಟೇ ಅಳತೆಯಲ್ಲಿ ಸೇರಿಸಿದೆನು. ಮನೆಯಲ್ಲಿ ಇದನ್ನು ಕಂಡು ನಕ್ಕವರು ನಕ್ಕರು. ಅಡಿಗೆಮನೆಯ ಕಿಟಕಿಯಲ್ಲಿ ಮಾತ್ರ ಇಡಕೂಡದೆಂದು ಆಜ್ಞೆಯಾಯಿತು.

ಮೂರು ದಿವಸಗಳಲ್ಲಿ ಮೊದಲ ಮೂರು ಭರಣಿಗಳೊಳಗೆ ಹೇಳಿಕೊಳ್ಳತಕ್ಕ ಭೇದವೇನೂ ಕಾಣಲಿಲ್ಲ. ಐದನೆಯ ದಿವಸಕ್ಕೆ ಒಂದು ಭೇದ ಕಂಡಿತು, ಆದರೆ ನಾನು ಹಾರೈಸಿದುದಲ್ಲ. ಸೊಪ್ಪು ಕೊಳೆತ ಎರಡನೆಯ ಭರಣಿಯ ಹುಳುಗಳು ಬರಿಯ ನೀರಿನವುಗಳಿಗಿಂತ ದಪ್ಪನಾಗಿ ಬೆಳೆದು, ಮೊದಲೇ ಕೋಶಾವಸ್ಥೆಗೆ ಬಂದು, ಬಟ್ಟೆಯ ಕೆಳಗೆ ಸೊಳ್ಳೆಗಳಾಗಿ ಕುಳಿತಿದ್ದುವು. ಕಷಾಯದ ಭರಣಿಯಲ್ಲಿ ಎರಡೋ ಮೂರೋ ಸತ್ತುವು, ಉಳಿದುವು ನೆಟ್ಟಗಿದ್ದುವು. ಬೀಜದ ನೀರಿನ ಭರಣಿಯಲ್ಲಿ ನಡೆದ ಸಂಗತಿಯೇ ಬೇರೆ. ಮೊದಲನೆಯ ದಿನ ಅಲ್ಲಿಯೂ ಸಾವು ಸ್ವಲ್ಪವೇ. ಆದರೆ ಹುಳುಗಳ ಚುರುಕು ತಗ್ಗಿತು. ಕೆಲವು ಪೊರೆಯನ್ನು ಅರ್ಧ ಕಳಚಿ ಅದರಲ್ಲಿಯೇ ಸಿಕ್ಕಿ ಸತ್ತುವು. ಎಂಟು ದಿವಸಗಳಾದರೂ ಅದರಿಂದ ಒಂದು ಸೊಳ್ಳೆಯೂ ಹೊರಬೀಳಲಿಲ್ಲ. ಇಪ್ಪತ್ತು ಹುಳುಗಳ ಈ ಆಟವನ್ನು ಶಾಸ್ತ್ರವೆಂದು ನಾನು ಹೇಳುವುದಿಲ್ಲ. ಆದರೆ ಇದಕ್ಕೂ ಶಾಸ್ತ್ರಜ್ಞರು ಕಂಡುಕೊಂಡಿರುವುದಕ್ಕೂ ವಿರೋಧವಿಲ್ಲ.

ಬೇವಿನ ಮಹಿಮೆಯು ಪಾಶ್ಚಾತ್ಯ ವಿಜ್ಞಾನಿಗಳ ಗಮನಕ್ಕೆ ಬಂದ ಬಗೆಯು ಸ್ವಾರಸ್ಯವಾಗಿದೆ. 1959ರಲ್ಲಿ ಸೂಡಾನ್ ದೇಶದ ಮೇಲೆ ಮಿಡಿತೆಗಳ ದಂಡು ಬಿದ್ದು ಹಸುರನ್ನೆಲ್ಲ ತಿಂದುಹಾಕಿತು. ಅಲ್ಲಿದ್ದ ಹೈನ್‌ರಿಖ್ ಶ್ಮುಟ್ಟರರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞನು ಸುತ್ತ ನೋಡಲಾಗಿ, ಬೇವಿನ ಮರಗಳು ಮಾತ್ರ ಎಲೆಗಳೊಡನೆ ನಿಂತಿದ್ದುವು. 1968ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಬೀಜದಿಂದ ಆ ಗುಣದ ಮೂಲದ್ರವ್ಯವನ್ನು ಬೇರ್ಪಡಿಸಿದರು. ಅದಕ್ಕೆ ಅಜಾಡಿರಾಕ್ಟಿನ್ ಎಂದು ಹೆಸರು. ಅದರ ಕಟ್ಟಡವು ಎಷ್ಟು ತೊಡಕಾದುದೆಂದರೆ, ಕೇಂಬ್ರಿಡ್ಜಿನ ಪ್ರಯೋಗಶಾಲೆಯವರು ಇಪ್ಪತ್ತೆರಡು ವರ್ಷಗಳು ಶ್ರಮಿಸಿ 2007ರಲ್ಲಿ ಅದನ್ನು ಕೃತಕವಾಗಿ ರಚಿಸಿದರು. ನಮ್ಮ ಬೀದಿಯ ಮರವು ಅದನ್ನು ಯಾರಿಗೂ ಹೇಳದೆ ವರ್ಷವರ್ಷವೂ ಮಾಡಿ ಉದುರಿಸುತ್ತಿರುವುದು.

ಈ ದ್ರವ್ಯವು ಹುಳುವನ್ನು ವಿಷದಂತೆ ಕ್ಷಣದಲ್ಲಿ ಕೊಲ್ಲುವುದಲ್ಲ. ಸೊಳ್ಳೆಯ ಮರಿಹುಳುವು ನೀರಿನಲ್ಲಿ ನಾಲ್ಕು ಘಟ್ಟಗಳಲ್ಲಿ ಬೆಳೆಯುತ್ತ, ಒಂದೊಂದು ಘಟ್ಟಕ್ಕೂ ತನ್ನ ಚರ್ಮವನ್ನು ಕಳಚಬೇಕು. ಕಳಚುವ ಹೊತ್ತನ್ನು ತಿಳಿಸುವುದು ಅದರ ದೇಹದೊಳಗಿನ ಒಂದು ಬಗೆಯ ರಸ. ಆ ರಸದ ಕ್ರಮವನ್ನು ಅಜಾಡಿರಾಕ್ಟಿನ್ ಕೆಡಿಸುವುದು. ಆದಕಾರಣವೇ ಮರುದಿನ ಬೆಳಗ್ಗೆ ಭರಣಿಯನ್ನು ನೋಡಿ ಏನೂ ಆಗಲಿಲ್ಲವೆನ್ನುವವನು ದುಡುಕಿದಂತಾಗುವುದು. ಎಂಟು ದಿವಸ ತಾಳಿದವನಿಗೆ ಫಲವು ಕಾಣುವುದು. ಎರಡನೆಯ ಮಾತು, ಇದು ಹೇರಳವಾಗಿರುವುದು ಬೀಜದ ತಿರುಳಿನಲ್ಲಿ, ಎಲೆಯಲ್ಲಿ ಅತ್ಯಲ್ಪ. ಮೂರನೆಯದು, ಕಾವನ್ನೂ ಬಿಸಿಲನ್ನೂ ಇದು ಸಹಿಸದು. ಕುದಿಸಿದರೆ ಕೆಡುವುದು, ತೆರೆದ ನೀರಿನಲ್ಲಿ ಬಿಸಿಲು ಬಿದ್ದರೆ ಕೆಲವೇ ದಿವಸಗಳಲ್ಲಿ ಶಕ್ತಿಗುಂದುವುದು. ಕಷಾಯವೆಂದರೆ ಕುದಿಸಲೇಬೇಕೆಂಬ ನಮ್ಮ ಅಭ್ಯಾಸವು ಇಲ್ಲಿ ಕೆಲಸವನ್ನು ಕೆಡಿಸುವುದಲ್ಲದೆ ಕೂಡಿಸುವುದಿಲ್ಲ.

ಇನ್ನು ಎಲೆಯನ್ನು ಹಾಕಿದ ಬಾನಿಯಲ್ಲಿ ಹುಳುಗಳು ಹೆಚ್ಚಿದುದೇಕೆ? ಮರಿಹುಳುಗಳ ಆಹಾರವೆಂದರೆ ನೀರಿನಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಯಾವ ಸೊಪ್ಪೇ ಆಗಲಿ, ಕೊಳೆತರೆ ಆ ಜೀವಿಗಳು ಹೆಚ್ಚುವುವು, ಹುಳುಗಳಿಗೆ ಔತಣವಾಗುವುದು. ಅಷ್ಟೇ ಅಲ್ಲ, ಎಲೆ ಕೊಳೆತ ನೀರಿನ ವಾಸನೆಗೆ ಮೊಟ್ಟೆಯಿಡುವ ಹೆಣ್ಣು ಸೊಳ್ಳೆಗಳು ತಾವಾಗಿ ಬರುವುವು. ಸೊಳ್ಳೆಗಳನ್ನು ಹಿಡಿದು ಎಣಿಸುವ ಶಾಸ್ತ್ರಜ್ಞರು ತಮ್ಮ ಬೋನುಗಳಲ್ಲಿ ಒಣಹುಲ್ಲನ್ನು ಕೊಳೆಯಿಸಿದ ನೀರನ್ನು ಇಡುವುದೇ ಇದಕ್ಕಾಗಿ. ವಾರವಾರವೂ ಹೊಸ ಸೊಪ್ಪನ್ನು ಹಾಕಿ ಹಳೆಯದನ್ನು ತೆಗೆಯದೆ ಬಿಟ್ಟ ಬಾನಿಯು ಏನಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾನಿಯೇನೂ ಇಲ್ಲವೆಂದು ನಾನು ಬರೆದ ಮಾತು ತಪ್ಪು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದನ್ನು ಕತ್ತರಿಸಿ ಇಟ್ಟುಕೊಂಡಿರುವವರು ದಯಮಾಡಿ ಹರಿದುಹಾಕಬೇಕು.

ಪ್ರಯೋಗಶಾಲೆಗಳಲ್ಲಿ ಗಿಡಮೂಲಿಕೆಗಳ ಸತ್ವದಿಂದ ಸೊಳ್ಳೆಮರಿಗಳು ಸತ್ತುವೆಂದು ಪತ್ರಿಕೆಗಳಲ್ಲಿ ಪದೇ ಪದೇ ಓದುತ್ತೇವೆ. ತುಳಸಿ, ಲಕ್ಕಿ, ಹೊಂಗೆ, ಬೆಳ್ಳುಳ್ಳಿ, ಸೀತಾಫಲದ ಬೀಜ, ಗೇರುಬೀಜದ ಸಿಪ್ಪೆಯ ಎಣ್ಣೆ, ಹೀಗೆ ನಮ್ಮ ಹಿತ್ತಲಿನ ಗಿಡಗಳೆಲ್ಲ ಒಂದಲ್ಲ ಒಂದು ಬಾರಿ ಪರೀಕ್ಷೆಗೆ ಕುಳಿತಿವೆ. ಆ ವಾರ್ತೆಗಳು ಸುಳ್ಳಲ್ಲ. ಆದರೆ ಅವುಗಳನ್ನು ಓದುವ ಬಗೆಯೊಂದುಂಟು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಗೊತ್ತುಮಾಡಿದ ಕ್ರಮದ ಮೇರೆಗೆ, ಇಪ್ಪತ್ತೈದು ಬೆಳೆದ ಮರಿಹುಳುಗಳನ್ನು ಅಳೆದ ನೀರಿನಲ್ಲಿ ಬಿಟ್ಟು, ಸತ್ವವನ್ನು ಬೇರೆಬೇರೆ ಪ್ರಮಾಣಗಳಲ್ಲಿ ಬೆರಸಿ, ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಗಳ ಮೇಲೆ ಎಣಿಸುತ್ತಾರೆ. ಪಕ್ಕದಲ್ಲಿ ಏನನ್ನೂ ಬೆರಸದ ನೀರಿನಲ್ಲಿಯೂ ಹುಳುಗಳಿರಬೇಕು. ಅವುಗಳಲ್ಲಿಯೇ ಶೇಕಡಾ 20ಕ್ಕಿಂತ ಹೆಚ್ಚಾಗಿ ಸತ್ತರೆ ಇಡೀ ಪರೀಕ್ಷೆಯನ್ನು ಬಿಸಾಡತಕ್ಕದ್ದು. ಅರ್ಧ ಹುಳುಗಳನ್ನು ಕೊಲ್ಲುವ ಪ್ರಮಾಣವೆಷ್ಟೆಂದು ಲೆಕ್ಕಹಾಕಿ, ಅದನ್ನು ಒಂದು ಲೀಟರು ನೀರಿಗೆ ಇಷ್ಟು ಮಿಲಿಗ್ರಾಮೆಂದು ಹೇಳುವುದು ವಾಡಿಕೆ. ಆ ಸಂಖ್ಯೆ ಚಿಕ್ಕದಾದಷ್ಟೂ ಮದ್ದು ಬಲವಾದುದು. ಅರ್ಧ ಸತ್ತರೆ ಪ್ರಯೋಗಶಾಲೆಗೆ ಸಂತೋಷವೇ. ಉಳಿದರ್ಧ ಬಾನಿಯಿಂದ ಹಾರಿದರೆ ಗೃಹಸ್ಥನಿಗೆ ಏನು ಸಂತೋಷ?

ಇನ್ನೊಂದು ಸಂಗತಿ. ಅಲ್ಲಿ ಸತ್ವವನ್ನು ಇಳಿಸುವುದು ಬಹುಮಟ್ಟಿಗೆ ಮದ್ಯಸಾರ, ಅಸಿಟೋನ್, ಹೆಕ್ಸೇನ್ ಮೊದಲಾದ ದ್ರವಗಳಿಂದ; ನಮ್ಮ ಒಲೆಯ ಮೇಲಿನ ನೀರಿನಿಂದಲ್ಲ. ದ್ರವ ಬೇರೆಯಾದರೆ ಇಳಿಯುವ ದ್ರವ್ಯವೂ ಬೇರೆ. ನಮ್ಮ ದೇಶದ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯವರು ನೀರಿನಲ್ಲಿ ಬೆರೆಯುವಂತೆ ಹದಗೊಳಿಸಿದ ಬೇವಿನೆಣ್ಣೆಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಲೀಟರಿಗೆ ಎರಡು ಮಿಲಿಗ್ರಾಮಿಗೂ ಕಡಿಮೆ ಪ್ರಮಾಣವು ಮೂರು ಜಾತಿಯ ಸೊಳ್ಳೆಗಳ ಅರ್ಧ ಮರಿಗಳನ್ನು ಕೊಂದಿತೆಂದಿದೆ. 2007ರಲ್ಲಿ ಆಫ್ರಿಕದ ಮಲೇರಿಯಾ ಸೊಳ್ಳೆಯ ಮೇಲೆ ಇನ್ನೊಂದು ಬಗೆಯ ಬೇವಿನೆಣ್ಣೆಯನ್ನು ಪರೀಕ್ಷಿಸಿದವರಿಗೆ ಅದೇ ಫಲಕ್ಕಾಗಿ ಹನ್ನೊಂದು ಮಿಲಿಗ್ರಾಮೂ ಎಂಟು ದಿವಸಗಳೂ ಬೇಕಾದುವು. ಎರಡೂ ಬೇವೇ. ಹದಗೊಳಿಸಿದ ರೀತಿ, ಸೊಳ್ಳೆಯ ಜಾತಿ, ಮರದ ಬೀಜ, ಇವು ಬದಲಾದರೆ ಪ್ರಮಾಣವೂ ಬದಲಾಗುವುದು. ಬರಿಯ ಎಣ್ಣೆಯನ್ನು ತೊಟ್ಟಿಗೆ ಸುರಿದರಂತೂ ಅದು ನೀರಿನೊಡನೆ ಬೆರೆಯದೆ ಮೇಲೆ ಅಲ್ಲಲ್ಲಿ ತೇಲುವುದು. ಬೆರೆಯಬೇಕಾದರೆ ಸಾಬೂನಾಗಲಿ ಅಂಟುವಾಳದ ನೊರೆಯಾಗಲಿ ಬೇಕು.

ಗಿಡಮೂಲಿಕೆಯಾದುದರಿಂದ ನಿರಪಾಯವೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ಇದರ ಮೇಲೆ ನನಗೆ ಕೋಪವೇ ಉಂಟು. ಸೀತಾಫಲದ ಬೀಜದ ಪುಡಿಯು ಹೇನಿಗೂ ಸೊಳ್ಳೆಮರಿಗೂ ಮೃತ್ಯುವೆಂಬುದು ನಿಜ. ಆದರೆ ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಯಾಲಿಯ ಮೇಲ್ಪೊರೆ ಸುಡುವುದು. ಗೇರುಸಿಪ್ಪೆಯ ಎಣ್ಣೆ ತಗಲಿದರೆ ಚರ್ಮ ಬೊಬ್ಬೆಯೇಳುವುದೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಎಳೆಯ ಕೂಸುಗಳಿಗೆ ಬೇವಿನೆಣ್ಣೆಯನ್ನು ಕುಡಿಸಿದುದರಿಂದ ವಾಂತಿ, ಸೆಳವು, ಪ್ರಜ್ಞೆ ತಪ್ಪುವುದು ಮುಂತಾದ ಘೋರ ಲಕ್ಷಣಗಳು ತೋರಿ ಪ್ರಾಣಾಪಾಯವಾದ ಪ್ರಸಂಗಗಳನ್ನು ಮಲೇಷ್ಯಾದ ವೈದ್ಯರು 1981ರಲ್ಲಿಯೇ ಪ್ರಕಟಿಸಿದ್ದಾರೆ. ಕುಡಿಯುವ ನೀರಿಗೆ, ಅಡಿಗೆಯ ನೀರಿಗೆ, ಮಕ್ಕಳು ಬಾಯಿ ಮುಕ್ಕಳಿಸುವ ನೀರಿಗೆ ಇಂತಹ ಯಾವ ಸತ್ವವನ್ನೂ ಸರ್ವಥಾ ಬೆರಸಕೂಡದು. ದತ್ತೂರಿ, ಕಣಗಿಲೆ, ಎಕ್ಕಗಳನ್ನು ಈ ಕೆಲಸಕ್ಕೆ ಮನೆಯೊಳಕ್ಕೆ ತರುವ ಮಾತೇ ಬೇಡ.

ಹಾಗಾದರೆ ಬೇವಿನ ಬೀಜಕ್ಕೆ ಮನೆಯಲ್ಲಿ ಸ್ಥಳವೇ ಇಲ್ಲವೇ? ಉಂಟು. ಬಚ್ಚಲ ನೀರು ನಿಲ್ಲುವ ಗುಂಡಿ, ಹಿತ್ತಲಿನ ಹರಿಯದ ಮೋರಿ, ಇಂತಹ ಚೊಕ್ಕಟಮಾಡಲು ಕೈಗೆಟುಕದ ಕೊಳಕು ನೀರಿನಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಹುಟ್ಟುವುವು. ರಾತ್ರಿಯಲ್ಲಿ ಕಿವಿಯ ಬಳಿ ಗುಂಯ್‌ಗುಡುವುವೂ ಆನೆಕಾಲು ರೋಗವನ್ನು ಹರಡುವುವೂ ಇವೇ. ಅಲ್ಲಿಗೆ, ನಮ್ಮ ರೈತರು ಪೈರಿನ ಹುಳುವಿಗಾಗಿ ಮಾಡಿಕೊಳ್ಳುವ ಬೀಜದ ನೀರನ್ನೇ ಹೊಯ್ದು ನೋಡಬಹುದು. ನೆರಳಿನಲ್ಲಿ ಒಣಗಿಸಿದ, ಬೂಸಲು ಹಿಡಿಯದ ಬೀಜಗಳ ಸಿಪ್ಪೆಯನ್ನು ತೆಗೆದು, 50 ಗ್ರಾಂ ತಿರುಳನ್ನು ಒರಟಾಗಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರು ತಣ್ಣೀರಿನಲ್ಲಿ ರಾತ್ರಿ ನೆನೆಯಿಟ್ಟು ಬೆಳಗ್ಗೆ ಹಿಂಡಿ, ಸ್ವಲ್ಪ ಸಾಬೂನಿನ ನೀರನ್ನು ಬೆರಸಿದರೆ ಅದು ಸಿದ್ಧವಾಗುವುದು. ಕುದಿಸಬಾರದು, ಇಟ್ಟುಕೊಳ್ಳಲೂಬಾರದು. ಅಂದಂದಿಗೆ ಮಾಡಿ ಸಂಜೆಯ ಹೊತ್ತು ಹೊಯ್ಯಬೇಕು. ಕೆಲವು ದಿವಸಗಳ ಮೇಲೆ ಒಂದು ಸೌಟಿನಿಂದ ಆ ನೀರನ್ನು ಮೊಗೆದು ಹುಳುಗಳಿವೆಯೇ ಎಂದು ನೋಡಬೇಕು. ಇದ್ದರೆ ಮದ್ದು ನಾಟಲಿಲ್ಲವೆಂದೇ ಅರ್ಥ. ಮೀನುಗಳಿರುವ ಕೊಳಕ್ಕೆ ಇದನ್ನು ಸುರಿಯಕೂಡದು. ಅಲ್ಲಿ ಆ ಮೀನುಗಳೇ ಮದ್ದು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿಗಳಿಗೆ ಮರಿಹುಳುಗಳನ್ನು ತಿನ್ನುವ ಸಣ್ಣ ಮೀನುಗಳನ್ನು ಬಿಟ್ಟು ಮಲೇರಿಯಾವನ್ನು ಇಳಿಸಿದರು.

ಮುನಿಸಿಪಾಲಿಟಿಯವರು ಮದ್ದು ಹಾಕಲು ಬಂದರೆ ಬೇಡವೆಂದು ಬಾಗಿಲು ಹಾಕಿಕೊಳ್ಳುವವರೂ ಉಂಟು. ಅವರು ತರುವ ಮದ್ದುಗಳಲ್ಲಿ ಬಿಟಿಐ ಎಂಬುದು 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನೀರಿನ ಹೊಂಡವೊಂದರಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಆದುದು. ಸೊಳ್ಳೆಮರಿಗಳಿಗೆ ಮಾರಕ, ಮನುಷ್ಯರಿಗೂ ದನಕರುಗಳಿಗೂ ನಿರಪಾಯ. ಗಿಡದ್ದಲ್ಲವೆಂಬ ಒಂದೇ ಕಾರಣಕ್ಕಾಗಿ ಅದನ್ನು ದೂರುವುದು ಸರಿಯಲ್ಲ.

ಈಗ ಆ ಸೋದರಿಯ ಕಲ್ಲಿನ ಬಾನಿಯ ಮಾತು. ಅದಕ್ಕೆ ಬೇವೂ ಬೇಡ, ಬೇರೆ ಮೂಲಿಕೆಯೂ ಬೇಡ. ಬೆಂಗಳೂರಿನವರು ಹೆಮ್ಮೆಪಡಬಹುದಾದ ಕಥೆಯೊಂದುಂಟು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯವೈದ್ಯನು ಅಲ್ಲಿಯ ಬಂಗಲೆಯೊಂದರಲ್ಲಿ ಸೊಳ್ಳೆಗಳ ಕಾಟದಿಂದ ಬೇಸತ್ತು ಹುಡುಕಲಾಗಿ, ಕಿಟಕಿಯ ಹೊರಗಿನ ನೀರಿನ ಪೀಪಾಯಿಯೊಂದರಲ್ಲಿ ಹುಳುಗಳು ಬಳುಕುವುದನ್ನು ಕಂಡನು. ಪೀಪಾಯಿಯನ್ನು ಉರುಳಿಸಿದೊಡನೆ ಕಾಟವು ತಗ್ಗಿತು. ಉಳಿದ ಪೀಪಾಯಿಗಳನ್ನೂ ಉರುಳಿಸೋಣವೆಂದರೆ ಅಧಿಕಾರಿಯೊಬ್ಬನು ಒಪ್ಪಲಿಲ್ಲವಂತೆ! ಇದೇ ರಾಸನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಆದರೆ ಈಡಿಸ್ ಸೊಳ್ಳೆಯ ಮಟ್ಟಿಗೆ ಬರಿದೆ ಉರುಳಿಸಿದರೆ ಸಾಲದು. ಅದು ಮೊಟ್ಟೆಯಿಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ ಸ್ವಲ್ಪ ಮೇಲೆ ಪಾತ್ರೆಯ ಒದ್ದೆಯಾದ ಗೋಡೆಗೆ ಅಂಟಿಸಿ. ಕರಿಯ ಚುಕ್ಕೆಗಳಂತಿರುವ ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತುಂಬಿದೊಡನೆ ಮರಿಯಾಗುವುವು. ಆದುದರಿಂದ ಬಾನಿಯನ್ನು ಖಾಲಿಮಾಡಿ, ತೆಂಗಿನ ನಾರಿನಿಂದಲೋ ಗಟ್ಟಿ ಬ್ರಷಿನಿಂದಲೋ ಒಳಗೋಡೆಯನ್ನು ಬಾಯಿಯವರೆಗೂ ಉಜ್ಜಿ, ಆ ನೀರನ್ನು ಮಣ್ಣಿನ ಮೇಲೆ ಚೆಲ್ಲಿ, ಸ್ವಲ್ಪ ಹೊತ್ತು ಬಿಸಿಲಿಗೆ ಒಣಗಲು ಬಿಡಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಗೆಯಲ್ಲಿ ಏಳೆಂಟು ದಿವಸ ಸಾಕಾದುದರಿಂದ ಈ ಕೆಲಸವು ವಾರಕ್ಕೊಂದಾವರ್ತಿ ಆಗಲೇಬೇಕು. ನೀರು ಬರುವ ಹಿಂದಿನ ದಿನ ಬಾನಿಯು ಹೇಗಿದ್ದರೂ ತಳಕಂಡಿರುವುದಲ್ಲವೇ? ಆ ದಿನವನ್ನೇ ಗೊತ್ತುಮಾಡಿಕೊಂಡರೆ ನೀರೂ ವ್ಯರ್ಥವಾಗದು. ಉಳಿದ ದಿವಸಗಳಲ್ಲಿ ಒಂದು ಹಳೆಯ ಪಂಚೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಲಿ. ಮರದ ಹಲಗೆಯನ್ನು ಮುಚ್ಚಿ ಸಂದು ಬಿಟ್ಟರೆ ಸೊಳ್ಳೆಗೆ ಅದೇ ಬಾಗಿಲು.

ಬಾನಿಯೊಂದೇ ಅಲ್ಲ. ತೆಂಗಿನ ಚಿಪ್ಪು, ಅಡಕೆಯ ತೋಟದಲ್ಲಿ ಬಿದ್ದ ಹಾಳೆ, ರಬ್ಬರು ಮರದ ಬಟ್ಟಲು, ಹೂಕುಂಡದ ತಟ್ಟೆ, ಶೀತಪೆಟ್ಟಿಗೆಯ ಹಿಂಭಾಗದ ತಟ್ಟೆ, ನನ್ನ ಮನೆಯಂತಹ ಮನೆಗಳಲ್ಲಿ ಒರಳುಕಲ್ಲು, ಇವೆಲ್ಲವೂ ಈಡಿಸಿನ ತೊಟ್ಟಿಲುಗಳು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಹುಳುಗಳು ಬೆಳೆಯಲು ಬಿಟ್ಟ ಮನೆಗಳವರಿಗೆ ದಂಡವನ್ನೂ ಗೊತ್ತುಮಾಡಿತು. ನನ್ನ ಒರಳನ್ನು ಅಂದು ಯಾರೂ ಕಾಣದೆ ಹೋದುದು ನನ್ನ ಪುಣ್ಯ. ಈಗ ಅದನ್ನು ಬೋರಲು ಹಾಕಿದ್ದೇನೆ.

ಸೋದರಿಯು ಕಾಗದದ ಕೊನೆಯಲ್ಲಿ, ಈ ವಾರಕ್ಕೆಂದು ಕೊಯ್ದು ತಂದ ಸೊಪ್ಪು ಮೊರದ ತುಂಬ ಇದೆ, ಅದನ್ನು ಏನು ಮಾಡಲಿ ಎಂದು ಕೇಳಿದ್ದಾರೆ. ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಹೆಸರು, ಅಲಸಂದೆ, ಜೋಳಗಳನ್ನು ತುಂಬಿಡುವ ಡಬ್ಬಗಳಲ್ಲಿ ಪದರಪದರವಾಗಿ ಹಾಸಲಿ. ಕಾಳುಗಳು ಮಾತ್ರ ಚೆನ್ನಾಗಿ ಒಣಗಿರಬೇಕು, ಡಬ್ಬದ ಮುಚ್ಚಳವೂ ಬಿಗಿಯಾಗಿರಬೇಕು.